ಬಿಗಿ ಜಾಸ್ತಿಯಾದರೆ ಎದೆ ಸಪಾಟಾಗುವುದಿಲ್ಲ: ಬೈಂಡಿಂಗ್ ಬಗ್ಗೆ ನೇರ ಮಾತು

ಎದೆ ಎದ್ದು ಕಾಣದಂತೆ ಒತ್ತಿ ಹಿಡಿಯುವ ಒಳಉಡುಪಿಗೆ ಬೈಂಡರ್ ಅನ್ನುತ್ತಾರೆ. ಅದನ್ನು ಕೊಳ್ಳುವಾಗ ತುಂಬಾ ಜನ ಒಂದೇ ಲೆಕ್ಕ ಹಾಕುತ್ತಾರೆ. ನನ್ನ ಅಳತೆ ಎಂ, ಎಸ್ ತಗೊಂಡರೆ ಇನ್ನೂ ಸಪಾಟಾಗಿ ಕಾಣುತ್ತದೆ ಅಂತ. ಈ ಲೆಕ್ಕ ತಪ್ಪು. ಎದೆಯ ಮೇಲಿರುವುದು ಕೊಬ್ಬು, ಗ್ರಂಥಿ, ಚರ್ಮ. ಒತ್ತಿದರೆ ಅವು ಮಾಯವಾಗುವುದಿಲ್ಲ, ಎಲ್ಲೋ ಒಂದು ಕಡೆ ಹೋಗಲೇಬೇಕು. ದಿಂಬನ್ನು ನಡುವೆ ಬಿಗಿದು ಕಟ್ಟಿದರೆ ಹತ್ತಿ ಆಚೆ ಈಚೆ ಉಬ್ಬುತ್ತದಲ್ಲ, ಹಾಗೇ ಚಿಕ್ಕ ಬೈಂಡರ್ ಹಾಕಿದರೆ ಕತ್ತಿನ ಕೆಳಗೆ ಒಂದು ಉಬ್ಬು, ಕಂಕುಳಲ್ಲಿ ಒಂದು ಉಬ್ಬು ಏಳುತ್ತದೆ. ಉಸಿರು ಕಟ್ಟಿದ್ದಷ್ಟೇ ಲಾಭ.

ಟ್ರಾನ್ಸ್ ಪುರುಷರು (ಹುಟ್ಟಿದಾಗ ಹೆಣ್ಣು ಎನ್ನಿಸಿಕೊಂಡರೂ ತಮ್ಮನ್ನು ಗಂಡು ಎಂದು ಗುರುತಿಸಿಕೊಳ್ಳುವವರು), ಹೆಣ್ಣು ಅಥವಾ ಗಂಡು ಎಂದು ಗುರುತಿಸಿಕೊಳ್ಳದ ಕೆಲವರು, ಎದೆ ಎದ್ದು ಕಾಣದಂತೆ ಬಟ್ಟೆಯಿಂದಲೋ ಟೇಪಿನಿಂದಲೋ ಕಟ್ಟಿಕೊಳ್ಳುವುದನ್ನು ಬೈಂಡಿಂಗ್ ಅನ್ನುತ್ತಾರೆ. ಇದನ್ನು ಯಾಕೆ ಮಾಡುತ್ತಾರೆ ಎಂದು ಹೊರಗಿನವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಕನ್ನಡಿ ಮುಂದೆ ನಿಂತಾಗ ಕಾಣುವ ದೇಹ ನನ್ನದಲ್ಲ ಅನ್ನಿಸುವ ಸಂಕಟಕ್ಕೆ ಡಿಸ್ಫೋರಿಯಾ ಎಂಬ ಹೆಸರಿದೆ. ಅದು ಇದ್ದವರಿಗೆ ಎದೆ ಮರೆಯಾದ ದಿನ ಮನೆಯಿಂದ ಹೊರಗೆ ಕಾಲಿಡಲು ಆಗುತ್ತದೆ, ಇಲ್ಲದ ದಿನ ಆಗುವುದಿಲ್ಲ. ಅದಕ್ಕೇ "ಅಪಾಯ ಇದೆ, ಬಿಟ್ಟುಬಿಡಿ" ಎನ್ನುವ ಸಲಹೆಯಿಂದ ಪ್ರಯೋಜನವಿಲ್ಲ. ಬಿಡು ಅಂದರೆ ಯಾರೂ ಬಿಡುವುದಿಲ್ಲ, ಮುಚ್ಚಿಟ್ಟು ಮಾಡುತ್ತಾರೆ, ಮುಚ್ಚಿಟ್ಟು ಮಾಡುವವರೇ ಕೈಗೆ ಸಿಕ್ಕಿದ್ದರಿಂದ ಕಟ್ಟಿಕೊಂಡು ಪೆಟ್ಟು ತಿನ್ನುವುದು. ಹೇಗೆ ಮಾಡಿದರೆ ಹಾನಿ ಕಡಿಮೆ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಬಟ್ಟೆಯ ಕೆಳಗೆ ಏನಾಗುತ್ತದೆ

ಮೊದಲು ಎದೆಗೂಡನ್ನು ಅರ್ಥ ಮಾಡಿಕೊಳ್ಳಬೇಕು, ಆಮೇಲೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ನಮಗಿರುವುದು 12 ಜೊತೆ ಪಕ್ಕೆಲುಬು. ಮೇಲಿನ 7 ಜೊತೆ ಮುಂದೆ ಎದೆಯ ನಡುಮೂಳೆಗೆ ನೇರವಾಗಿ ಸೇರುತ್ತವೆ, ಆದರೆ ಮೂಳೆಗೆ ಮೂಳೆ ತಾಗುವುದಿಲ್ಲ, ನಡುವೆ ಬಾಗುವ ಮೆದುಮೂಳೆ ಇರುತ್ತದೆ. ಮುಂದಿನ 3 ಜೊತೆ ತಮ್ಮ ಮೇಲಿನ ಮೆದುಮೂಳೆಗೆ ಅಂಟಿಕೊಂಡಿರುತ್ತವೆ. ಕೊನೆಯ 2 ಜೊತೆಗೆ ಮುಂದೆ ಯಾವ ಆಸರೆಯೂ ಇಲ್ಲ. ಇಷ್ಟೆಲ್ಲ ಸಡಿಲ ಯಾಕೆ ಅಂದರೆ ಉಸಿರಾಡುವುದಕ್ಕೆ. ಉಸಿರು ಒಳಗೆ ಎಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ, ಅಂದರೆ ವಪೆ, ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಪಕ್ಕಕ್ಕೂ ಎದ್ದು ಗೂಡು ಅಗಲವಾಗುತ್ತದೆ. ಇದು ದಿನಕ್ಕೆ ಸಾವಿರಾರು ಸಲ ನಡೆಯುವ ಕೆಲಸ.

ಈಗ ಆ ಗೂಡಿನ ಸುತ್ತ ಒಂದು ಬಿಗಿ ಪಟ್ಟಿ ಹಾಕಿ. ಗೂಡು ಪೂರ್ತಿ ಅಗಲವಾಗುವುದಿಲ್ಲ. ಉಸಿರು ಮೇಲುಮೇಲೆ ನಡೆಯುತ್ತದೆ. ಪಕ್ಕೆಲುಬುಗಳ ನಡುವಿನ ಚಿಕ್ಕ ಸ್ನಾಯುಗಳು ಪಟ್ಟಿಯ ವಿರುದ್ಧ ದಿನವಿಡೀ ತಳ್ಳಿ ತಳ್ಳಿ ಸುಸ್ತಾಗುತ್ತವೆ, ಮೆದುಮೂಳೆ ಸೇರುವ ಜಾಗದಲ್ಲಿ ನೋವು ಶುರುವಾಗುತ್ತದೆ. ಎದೆಯ ಭಾರ, ನೋವು ತಪ್ಪಿಸಿಕೊಳ್ಳಲು ಭುಜ ಮುಂದಕ್ಕೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ, ಆಗ ಬೆನ್ನುನೋವು. ಬೈಂಡರ್ ಹಾಕುವ ಮೊದಲು ಎದೆ ಮುಚ್ಚಿಕೊಳ್ಳಲು ಗೂನು ಹಾಕಿಯೇ ಬೆಳೆದವರು ತುಂಬಾ ಜನ, ಅವರ ಬೆನ್ನು ಮೊದಲೇ ದಣಿದಿರುತ್ತದೆ ಎನ್ನುವುದನ್ನೂ ಮರೆಯಬಾರದು.

2017ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಇದೆ. ಬೈಂಡಿಂಗ್ ಮಾಡುವ 1,800 ಜನರನ್ನು ಅದರಲ್ಲಿ ಕೇಳಿದ್ದರು, 28 ಬಗೆಯ ತೊಂದರೆಗಳ ಪಟ್ಟಿ ಮುಂದಿಟ್ಟು. ಕನಿಷ್ಠ ಒಂದಾದರೂ ತೊಂದರೆ ಆಗಿದೆ ಎಂದವರು ಶೇ. 97ರಷ್ಟು. ಬೆನ್ನುನೋವು, ಮೈ ಬಿಸಿಯೇರುವುದು, ಎದೆನೋವು, ಉಸಿರು ಸಾಲದಿರುವುದು ಎಲ್ಲಕ್ಕಿಂತ ಮುಂದಿದ್ದವು. ಅದೇ ಜನ ಇನ್ನೊಂದು ಮಾತನ್ನೂ ಹೇಳಿದ್ದರು: ಬೈಂಡಿಂಗ್‌ನಿಂದ ಆತಂಕ ಕಡಿಮೆಯಾಯಿತು, ತಮ್ಮ ಬಗ್ಗೆ ತಮಗೆ ವಿಶ್ವಾಸ ಬಂತು. ಎರಡೂ ಒಟ್ಟಿಗೆ ನಿಜ. ಶೇ. 97ನ್ನು ಮಾತ್ರ ಹಿಡಿದು ಹೆದರಿಸುವವರು ಎರಡನೆಯದನ್ನು ಹೇಳುವುದಿಲ್ಲ, ಎರಡನೆಯದನ್ನು ಹೇಳುವವರು ಮೊದಲನೆಯದನ್ನು ನುಂಗುತ್ತಾರೆ.

ಆ ಸಮೀಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ತೊಂದರೆಗಳ ಜೊತೆ ಬಿಡದೆ ತಳುಕು ಹಾಕಿಕೊಂಡಿದ್ದು ವಾರಕ್ಕೆ ಎಷ್ಟು ದಿನ ಕಟ್ಟುತ್ತಾರೆ ಎನ್ನುವುದು. ಇನ್ನೂ ಒಂದು ಆಶ್ಚರ್ಯ: ಬೈಂಡಿಂಗ್‌ಗೆಂದೇ ಹೊಲಿದ ಬೈಂಡರ್‌ಗಳಿಗೂ ಸಾಕಷ್ಟು ತೊಂದರೆಗಳ ನಂಟು ಕಂಡಿತ್ತು. ಸಮೀಕ್ಷೆ ಅಂದಮೇಲೆ ಇದರಿಂದಲೇ ಅದು ಆಯಿತು ಎಂದು ಸಾಧಿಸಲು ಆಗುವುದಿಲ್ಲ. ಆದರೂ "ಒಳ್ಳೆ ಬೈಂಡರ್ ತಗೊಂಡಿದ್ದೀನಿ, ಇನ್ನೇನು ಭಯ" ಎನ್ನುವ ಧೈರ್ಯಕ್ಕೆ ಅಷ್ಟು ಆಧಾರ ಇಲ್ಲ ಎನ್ನುವುದಂತೂ ಗೊತ್ತಾಗುತ್ತದೆ. ವಸ್ತು ಎಷ್ಟು ಮುಖ್ಯವೋ ವಿಶ್ರಾಂತಿಯೂ ಅಷ್ಟೇ ಮುಖ್ಯ.

ಕ್ರೇಪ್ ಬ್ಯಾಂಡೇಜ್ ಯಾಕೆ ಬೇಡ

ಕಾಲು ಉಳುಕಿದಾಗ ಸುತ್ತುವ ಕ್ರೇಪ್ ಬ್ಯಾಂಡೇಜ್ ಮನೆಯಲ್ಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ಹಾಗಾಗಿ ತುಂಬಾ ಜನ ಶುರು ಮಾಡುವುದೇ ಅದರಿಂದ. ಬಾತುಕೊಂಡ ಜಾಗವನ್ನು ಒತ್ತಿ ಹಿಡಿಯುವುದಕ್ಕೇ ಅದನ್ನು ಮಾಡಿರುವುದು. ಕಾಲಿಗೆ ಸರಿ. ಎದೆಗೆ ಸುತ್ತಿದರೆ, ಉಸಿರು ಬಿಟ್ಟಾಗ ಒಳಕ್ಕೆ ಹೋದ ಎದೆಗೂಡಿನ ಜೊತೆ ಅದೂ ಒಳಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ, ಮುಂದಿನ ಉಸಿರಿಗೆ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಓಡಾಡಿದಾಗ ಸುತ್ತುಗಳು ಜಾರಿ ಹಗ್ಗದಂತೆ ಸುರುಳಿಯಾಗುತ್ತವೆ, ಒಂದು ಕಡೆ ಸಡಿಲ, ಇನ್ನೊಂದು ಕಡೆ ವಿಪರೀತ ಬಿಗಿ. ಪಕ್ಕೆಲುಬಿಗೆ ಪೆಟ್ಟು ಬೀಳುವುದು ಹೀಗೆ.

ಪೆಟ್ಟಿಗೆ ಕಟ್ಟುವ ಟೇಪು, ಡಕ್ಟ್ ಟೇಪು, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಇವು ಇನ್ನೂ ಕೆಟ್ಟವು. ಇವು ಉಸಿರಿನ ಜೊತೆ ಸರಿಯಾಗಿ ಹಿಗ್ಗುವುದಿಲ್ಲ, ಗಾಳಿ ಆಡುವುದಿಲ್ಲ, ಬೆವರು ಒಳಗೇ ನಿಲ್ಲುತ್ತದೆ, ಟೇಪು ಕೀಳುವಾಗ ಚರ್ಮವೂ ಬರುತ್ತದೆ. ಬೆನ್ನುನೋವಿಗೆ ಕಟ್ಟುವ ಬೆಲ್ಟ್, ಹೊಟ್ಟೆ ಒಳಗೆ ಎಳೆಯುವ ಬೆಲ್ಟ್ ಕೂಡ ಎದೆಗೆ ಬೇಡ. ಅವುಗಳ ಬಿಗಿ ಸೊಂಟದ ಲೆಕ್ಕಕ್ಕೆ ಮಾಡಿದ್ದು. ಇಷ್ಟರ ಬಗ್ಗೆ ಚರ್ಚೆಯೇ ಬೇಕಿಲ್ಲ.

ಬೈಂಡರ್ ಆರಿಸುವುದು

ಸರಿಯಾಗಿ ಹೊಲಿದ ಬೈಂಡರ್ ಬನಿಯನ್‌ನಂತೆ ಕಾಣುತ್ತದೆ. ಮುಂದುಗಡೆ ಒಳಗೆ ಹೆಚ್ಚು ಹಿಗ್ಗದ ಗಟ್ಟಿ ಬಟ್ಟೆಯ ಪದರ, ಹಿಂದುಗಡೆ ಹಿಗ್ಗುವ ಬಟ್ಟೆ. ಈ ವ್ಯತ್ಯಾಸದಲ್ಲೇ ಇದೆ ಕೀಲಿ. ಮುಂದಿನ ಪದರ ಎದೆಯನ್ನು ಅಗಲಕ್ಕೆ ಹರಡಿ ಹಿಡಿಯುತ್ತದೆ, ಉಸಿರಿಗೆ ಬೇಕಾದ ಜಾಗವನ್ನು ಬೆನ್ನಿನ ಬಟ್ಟೆ ಬಿಟ್ಟುಕೊಡುತ್ತದೆ. ಸುತ್ತಲೂ ಒಂದೇ ಸಮ ಬಿಗಿಯುವ ಬ್ಯಾಂಡೇಜಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದೇ.

ಸೊಂಟದವರೆಗೆ ಬರುವ ಉದ್ದದ್ದೂ ಇದೆ, ಪಕ್ಕೆಲುಬಿನ ಅರ್ಧಕ್ಕೆ ನಿಲ್ಲುವ ಗಿಡ್ಡದ್ದೂ ಇದೆ. ಉದ್ದದ್ದನ್ನು ಪ್ಯಾಂಟಿನೊಳಗೆ ಸಿಕ್ಕಿಸಬಹುದು, ಆದರೆ ಸೊಂಟ ಅಗಲವಾಗಿದ್ದವರಿಗೆ ಕೆಳಗಿನ ಅಂಚು ಮಡಿಸಿಕೊಂಡು ಮೇಲೇರುತ್ತಲೇ ಇರುತ್ತದೆ. ಸೆಖೆಯೂ ಜಾಸ್ತಿ. ಗಿಡ್ಡದ್ದು ಹಗುರ, ಹೊಟ್ಟೆಗೆ ಒತ್ತಡವಿಲ್ಲ, ಊಟ ಮಾಡಿದ ಮೇಲೂ ಸರಾಗ. ಅದರ ಅಂಚು ಕೆಲವರಿಗೆ ಅಂಗಿಯ ಮೇಲೆ ಗೆರೆಯಾಗಿ ಕಾಣುತ್ತದೆ, ಅಷ್ಟೇ. ಮೊದಲ ಸಲ ಕೊಳ್ಳುವವರಿಗೆ ನಾನಾದರೆ ಗಿಡ್ಡದ್ದನ್ನೇ ಹೇಳುತ್ತೇನೆ. ಪಕ್ಕದಲ್ಲಿ ಹುಕ್ಕು, ಜಿಪ್ಪು ಇರುವವೂ ಸಿಗುತ್ತವೆ. ಕೈ ಪೂರ್ತಿ ಮೇಲೆತ್ತಲು ಆಗದವರಿಗೆ, ಕೀಲುನೋವಿನವರಿಗೆ ಇದು ನಿಜಕ್ಕೂ ವರ. ಜಿಪ್ಪು ಚರ್ಮಕ್ಕೆ ನೇರ ತಾಗದಂತೆ ಒಳಗೆ ಪಟ್ಟಿ ಇದೆಯಾ ನೋಡಿಕೊಳ್ಳಿ.

ಅಳತೆ ತೆಗೆಯುವಾಗ ಬ್ರಾ ಇಲ್ಲದೆ, ಅಥವಾ ತೀರಾ ತೆಳುವಾದ ಬನಿಯನ್ ಮೇಲೆ ತೆಗೆಯಿರಿ. ಎದೆಯ ಅತಿ ಅಗಲ ಜಾಗದ ಸುತ್ತಳತೆ ಒಂದು, ಎದೆಯ ಕೆಳಗಿನ ಮಡಿಕೆಯ ಸುತ್ತಳತೆ ಇನ್ನೊಂದು, ಒಂದು ಭುಜದ ತುದಿಯಿಂದ ಇನ್ನೊಂದು ಭುಜದ ತುದಿವರೆಗಿನ ಅಗಲ ಮತ್ತೊಂದು. ಟೇಪು ಮೈಗೆ ತಾಗಬೇಕು, ಒತ್ತಬಾರದು. ಉಸಿರು ಹಿಡಿದುಕೊಂಡು ಅಳೆಯಬೇಡಿ, ಇದನ್ನು ಬೇಕಂತಲೇ ಮಾಡುವವರಿದ್ದಾರೆ. ತಯಾರಕರ ಅಳತೆಪಟ್ಟಿ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಟೀಶರ್ಟಿನ ಎಸ್, ಎಂ, ಎಲ್ ನಂಬಿಕೊಂಡು ತರಿಸಬೇಡಿ. ಎರಡು ಅಳತೆಗಳ ನಡುವೆ ಬಿದ್ದರೆ ದೊಡ್ಡದನ್ನೇ ತಗೊಳ್ಳಿ. ಭುಜ ಅಗಲ, ಎದೆ ಚಿಕ್ಕದು ಇದ್ದರೆ ಭುಜದ ಅಳತೆಯನ್ನೇ ನಂಬಿ, ಇಲ್ಲವಾದರೆ ಕಂಕುಳಲ್ಲಿ ಕೊರೆಯುತ್ತದೆ.

ಹಾಕಿಕೊಂಡ ಮೇಲೆ ಪರೀಕ್ಷೆ ಸುಲಭ. ಹೊಟ್ಟೆಯವರೆಗೆ ಇಳಿಯುವ ಹಾಗೆ ದೀರ್ಘ ಉಸಿರು ಎಳೆಯಿರಿ. ಜೋರಾಗಿ ಕೆಮ್ಮಿ. ಕೈ ತಲೆ ಮೇಲೆ ಎತ್ತಿ, ಬಗ್ಗಿ ಪಾದ ಮುಟ್ಟಿ. ಅಂಚಿನೊಳಗೆ ಎರಡು ಬೆರಳು ಹೋಗುತ್ತವಾ ನೋಡಿ. ಯಾವುದಾದರೂ ಒಂದು ಆಗಲಿಲ್ಲ ಅಂದರೆ ಅದು ನಿಮ್ಮ ಅಳತೆಯದ್ದಲ್ಲ. ಹೊಸ ಬೈಂಡರ್ ಗಟ್ಟಿಯಾಗಿರುತ್ತದೆ ನಿಜ, ಆದರೆ ಗಟ್ಟಿಯಾಗಿರುವುದು ಬೇರೆ, ಉಸಿರಿಗೆ ಅಡ್ಡ ಬರುವುದು ಬೇರೆ. ದಿನ ಕಳೆದ ಹಾಗೆ ಸಡಿಲವಾಗುತ್ತದೆ ಬಿಡು ಎಂದು ಉಸಿರನ್ನು ಪಣಕ್ಕಿಡಬೇಡಿ. ಅಭ್ಯಾಸ ಮಾಡಿಕೊಳ್ಳುವುದಿದ್ದರೆ ಮೊದಲು ಮನೆಯಲ್ಲಿ ಒಂದೆರಡು ಗಂಟೆ ಹಾಕಿ, ಆಮೇಲೆ ನಿಧಾನವಾಗಿ ಹೆಚ್ಚಿಸಿ.

ಹಾಕಿಕೊಳ್ಳುವುದೇ ಮೊದಲ ಸಲ ದೊಡ್ಡ ಕುಸ್ತಿ. ತಲೆಯ ಮೇಲಿಂದ ಹಾಕಲು ಹೋಗಿ ಭುಜದಲ್ಲಿ ಸಿಕ್ಕಿಹಾಕಿಕೊಂಡು, ಕೈ ಮೇಲೆ, ಮುಖ ಬಟ್ಟೆಯೊಳಗೆ, ಆ ಗಾಬರಿ ಅನುಭವಿಸಿದವರಿಗೇ ಗೊತ್ತು. ಬದಲಿಗೆ ಪ್ಯಾಂಟ್ ಹಾಕುವ ಹಾಗೆ ಕಾಲಿನಿಂದ ಮೇಲಕ್ಕೆ ಎಳೆದುಕೊಳ್ಳಬಹುದು, ಸೊಂಟ ದಾಟಿಸಲು ಆಗುವವರಿಗೆ ಅದೇ ಸುಲಭ. ಮೈ ಒದ್ದೆ ಇರಬಾರದು, ಸ್ನಾನ ಮಾಡಿದ ತಕ್ಷಣ ಹಾಕಲು ಹೋದರೆ ಅಂಟಿಕೊಂಡು ಬಿಡುತ್ತದೆ. ಒಳಗೆ ಸೇರಿದ ಮೇಲೆ ಎದೆಯನ್ನು ಕೈಯಿಂದ ಸರಿಮಾಡಿಕೊಳ್ಳಬೇಕು: ಕೆಳಕ್ಕೆ, ಸ್ವಲ್ಪ ಹೊರಕ್ಕೆ, ಕಂಕುಳ ದಿಕ್ಕಿಗೆ. ನಡುವಿಗೆ ತಳ್ಳಿದರೆ ಎರಡೂ ಸೇರಿ ಒಂದೇ ದಿಣ್ಣೆಯಾಗುತ್ತದೆ, ಮೇಲಕ್ಕೆ ತಳ್ಳಿದರೆ ಕತ್ತಿನ ಬಳಿ ಕಾಣುತ್ತದೆ. ಬೈಂಡರ್ ಸರಿ ಕೆಲಸ ಮಾಡುತ್ತಿಲ್ಲ ಅನ್ನುವ ಎಷ್ಟೋ ದೂರು ಈ ಒಂದು ಹೆಜ್ಜೆ ಬಿಟ್ಟಿದ್ದರಿಂದ ಬರುವಂಥದ್ದು. ತೆಗೆಯುವಾಗ ಸಿಕ್ಕಿಹಾಕಿಕೊಂಡರೆ ಎಳೆದಾಡಬೇಡಿ. ನಿಂತು ಉಸಿರಾಡಿ, ತೋಳು ಒಂದೊಂದಾಗಿ ಬಿಡಿಸಿ. ಏನೂ ಆಗದಿದ್ದರೆ ಕತ್ತರಿ ತಗೊಂಡು ಕತ್ತರಿಸಿ. ಬಟ್ಟೆ ತಾನೇ, ಹೋದರೆ ಹೋಗಲಿ.

ಇನ್ನೊಂದು ವಿಷಯ. ಗಂಡಸರ ಎದೆಯೂ ಹಲಗೆಯಂತೆ ಸಪಾಟಾಗಿರುವುದಿಲ್ಲ. ಸ್ನಾಯು ಇರುತ್ತದೆ, ಕೊಬ್ಬು ಇರುತ್ತದೆ, ಅಂಗಿಯ ಕೆಳಗೆ ಸಣ್ಣ ಉಬ್ಬು ಕಾಣುತ್ತದೆ. ಎದೆ ದೊಡ್ಡದಿದ್ದವರಿಗೆ ಯಾವ ಬೈಂಡರೂ ಪೂರ್ತಿ ಸಪಾಟು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನೋಡುವವರಿಗೆ ಅನುಮಾನ ಬಾರದಷ್ಟು ಆಕಾರ ಬದಲಾದರೆ ಸಾಕು, ಅಲ್ವಾ? ಈ ಗುರಿ ಇಟ್ಟುಕೊಂಡವರು ಸರಿಯಾದ ಅಳತೆಯಲ್ಲಿ ನೆಮ್ಮದಿಯಾಗಿರುತ್ತಾರೆ.

ಎಷ್ಟು ಹೊತ್ತು, ಎಷ್ಟು ದಿನ

8 ಗಂಟೆಗಿಂತ ಜಾಸ್ತಿ ಬೇಡ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಪ್ರಯೋಗ ಮಾಡಿ ಕಂಡುಹಿಡಿದ ಗಡಿಯಲ್ಲ ಅದು, ಜನರ ಅನುಭವದಿಂದ ಬಂದ ರೂಢಿ. 7 ಗಂಟೆ 59 ನಿಮಿಷಕ್ಕೆ ಸುರಕ್ಷಿತ, ಆಮೇಲೆ ಅಪಾಯ ಎಂದೇನಿಲ್ಲ. ಆದರೂ ಒಳ್ಳೆಯ ರೂಢಿ. ಕೆಲಸಕ್ಕೋ ಕಾಲೇಜಿಗೋ ಹೋಗಿ ಬರುವಷ್ಟು ಹೊತ್ತು, ಮನೆಗೆ ಬಂದ ಕೂಡಲೇ ತೆಗೆಯುವುದು ಎಂದು ಇಟ್ಟುಕೊಳ್ಳಿ. ದಿನದ ನಡುವೆ ಬಾಗಿಲು ಹಾಕಿಕೊಳ್ಳುವ ಜಾಗ ಸಿಕ್ಕರೆ ಒಂದು ಹತ್ತು ನಿಮಿಷ ತೆಗೆದು, ಭುಜ ಹಿಂದಕ್ಕೆ ತಿರುಗಿಸಿ, ಆಳವಾಗಿ ಉಸಿರಾಡಿ, ಎರಡು ಸಲ ಕೆಮ್ಮಿ ಮತ್ತೆ ಹಾಕಿ. ಕೆಮ್ಮು ಯಾಕೆ ಅಂದರೆ, ದಿನವಿಡೀ ಮೇಲುಸಿರು ಆಡಿದಾಗ ಶ್ವಾಸಕೋಶದ ತಳದಲ್ಲಿ ನಿಂತ ಕಫ ಮೇಲೆ ಬರಬೇಕಲ್ಲ.

ಗಂಟೆಗಿಂತ ನಾನು ಒತ್ತಿ ಹೇಳುವುದು ದಿನಗಳ ಲೆಕ್ಕ. ವಾರದಲ್ಲಿ ಒಂದು ದಿನವಾದರೂ, ಆದರೆ ಎರಡು ದಿನ, ಏನನ್ನೂ ಕಟ್ಟಬೇಡಿ. ಆ ದಿನ ಹೊರಗೆ ಹೋಗುವುದು ಕಷ್ಟ ಅನ್ನುವವರು ಸಡಿಲವಾದ ಹುಡೀ, ಗಟ್ಟಿ ಬಟ್ಟೆಯ ಅಂಗಿ ಹಾಕಿ ನೋಡಿ. ರಜೆ ಇಲ್ಲದೆ ತಿಂಗಳುಗಟ್ಟಲೆ ಕಟ್ಟುವವರಿಗೆ ನೋವು ಬಂದಾಗ ಅದು ಬೈಂಡರಿನದೋ ಬೇರೆಯದೋ ಎಂದು ತಿಳಿಯುವ ದಾರಿಯೂ ಇರುವುದಿಲ್ಲ. ಬಿಟ್ಟ ದಿನ ನೋವು ಇಳಿಯಿತಾ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಮಲಗುವಾಗ ಬೇಡವೇ ಬೇಡ. ನಿದ್ದೆಯಲ್ಲಿ ಬಟ್ಟೆ ಜರುಗಿ ಸುರುಳಿಯಾದರೆ, ಉಸಿರು ಸಾಲದಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ, ಎಚ್ಚರವಿದ್ದಾಗಲಾದರೆ ಸರಿಮಾಡಿಕೊಳ್ಳುತ್ತೀರಿ. ನೆಗಡಿ, ಕೆಮ್ಮು, ಜ್ವರ ಇದ್ದಾಗಲೂ ಬಿಟ್ಟುಬಿಡಿ. ವ್ಯಾಯಾಮ, ಓಟ, ಆಟ ಇವುಗಳ ಸಮಯದಲ್ಲಿ ದೇಹಕ್ಕೆ ಹೆಚ್ಚು ಗಾಳಿ ಬೇಕು, ಹಾಗಾಗಿ ಆಗ ಸ್ಪೋರ್ಟ್ಸ್ ಬ್ರಾ ಸಾಕು. ಈಜಲು ಹೋಗುವವರು ದಿನಾ ಹಾಕುವ ಬೈಂಡರ್‌ನಲ್ಲೇ ನೀರಿಗಿಳಿಯಬೇಡಿ, ಈಜಿಗೆಂದೇ ಮಾಡಿದ್ದು ಅಥವಾ ಒಂದು ಅಳತೆ ದೊಡ್ಡದನ್ನು ಇಟ್ಟುಕೊಳ್ಳಿ, ನೀರಿನಿಂದ ಬಂದಮೇಲೆ ಒದ್ದೆಯಲ್ಲೇ ಕೂರಬೇಡಿ. ಕ್ಲೋರಿನ್ ಎಲಾಸ್ಟಿಕ್ಕನ್ನು ಬೇಗ ತಿನ್ನುತ್ತದೆ.

ಬಿಸಿಲಿನ ದಿನ ಇನ್ನೊಂದು ತಲೆನೋವು. ಬೈಂಡರ್ ಅಂದರೆ ಮೈಗೆ ಅಂಟಿದ ದಪ್ಪ ಪದರ, ಅದರ ಮೇಲೆ ಅಂಗಿ, ಮುಚ್ಚಿಕೊಳ್ಳಲು ಇನ್ನೊಂದು ಅಂಗಿ. ಮೈ ಕಾದು ತಲೆ ಸುತ್ತುವುದು ಸಾಮಾನ್ಯ. ನೀರು ಕುಡಿಯಲು ಮರೆಯಬೇಡಿ. ಕೆಲವರು ಹೊರಗೆ ಶೌಚಾಲಯಕ್ಕೆ ಹೋಗುವ ಭಯಕ್ಕೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಕಾರಣ ಅರ್ಥವಾಗುವಂಥದ್ದೇ, ಆದರೆ ಬೈಂಡರ್ ಜೊತೆ ಸೇರಿದಾಗ ಇದು ಕೆಟ್ಟ ಜೋಡಿ. ತಲೆ ಸುತ್ತಿದರೆ ನೆರಳು ಹುಡುಕಿ, ಬೈಂಡರ್ ತೆಗೆಯಿರಿ.

ಬೈಂಡರ್ ಇಲ್ಲದೆ

ಬೈಂಡರ್ ತರಿಸಿಕೊಳ್ಳಲು ಆಗದವರು, ಮನೆಯವರ ಕಣ್ಣಿಗೆ ಬೀಳಬಾರದು ಎನ್ನುವವರು, ಉಬ್ಬಸ ಇರುವವರು, ಇವರಿಗೆಲ್ಲ ಸ್ಪೋರ್ಟ್ಸ್ ಬ್ರಾ ಒಳ್ಳೆಯ ದಾರಿ. ಎದೆ ಚಿಕ್ಕದಿದ್ದರೆ ಅದೊಂದೇ ಸಾಕಾಗಬಹುದು. ಬಟ್ಟಲಿನಾಕಾರದ ಕಪ್ ಇಲ್ಲದ, ಪ್ಯಾಡ್ ಇಲ್ಲದ, ಒತ್ತಿ ಹಿಡಿಯುವ ಬಗೆಯದನ್ನು ನೋಡಿ. ಕಪ್ ಇರುವುದು ಎರಡನ್ನೂ ಬೇರೆ ಬೇರೆ ಎತ್ತಿ ಹಿಡಿಯುತ್ತದೆ, ನಮಗೆ ಬೇಕಾದ್ದರ ತದ್ವಿರುದ್ಧ. ಒಂದರ ಮೇಲೆ ಇನ್ನೊಂದನ್ನು ಹಿಂದುಮುಂದು ಮಾಡಿ ಹಾಕುವ ಉಪಾಯವೂ ಚಾಲ್ತಿಯಲ್ಲಿದೆ. ಎರಡೂ ನಿಮ್ಮ ಸರಿಯಾದ ಅಳತೆಯವಾಗಿದ್ದು ಉಸಿರಿನ ಪರೀಕ್ಷೆ ಪಾಸಾದರೆ ತೊಂದರೆಯಿಲ್ಲ. ಎರಡು ಬೈಂಡರ್ ಒಟ್ಟಿಗೆ ಮಾತ್ರ ಯಾವತ್ತೂ ಬೇಡ. ಗಂಡಸರಲ್ಲಿ ಎದೆ ಬೆಳೆಯುವ ತೊಂದರೆಗೆ ಗೈನೆಕೊಮಾಸ್ಟಿಯಾ ಎನ್ನುತ್ತಾರೆ, ಅಂಥವರಿಗಾಗಿ ಮಾಡಿದ ಬಿಗಿ ಬನಿಯನ್‌ಗಳು ಸಿಗುತ್ತವೆ. ಕೆಲವು ಬೈಂಡರ್‌ನಷ್ಟು ಒತ್ತುವುದಿಲ್ಲ, ಆದರೆ ಗಂಡಸರ ಒಳಉಡುಪು ಎಂದೇ ಕಾಣುವುದರಿಂದ ಬಟ್ಟೆ ಒಣಹಾಕುವಾಗ ಯಾರಿಗೂ ಪ್ರಶ್ನೆ ಬರುವುದಿಲ್ಲ. ಇದು ಸಣ್ಣ ಅನುಕೂಲವಲ್ಲ.

ಟೇಪಿನ ವಿಷಯಕ್ಕೆ ಬರೋಣ. ಇದು ಡಕ್ಟ್ ಟೇಪಲ್ಲ. ಆಟಗಾರರ ಮಂಡಿ, ಭುಜಕ್ಕೆ ಹಚ್ಚಿರುವ ಬಣ್ಣಬಣ್ಣದ ಪಟ್ಟಿ ನೋಡಿರುತ್ತೀರಿ. ಕಿನೆಸಿಯಾಲಜಿ ಟೇಪ್ ಅದು. 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎಂಬವರು ರೂಪಿಸಿದ್ದು. ಹತ್ತಿ ಬಟ್ಟೆ, ಹಿಗ್ಗುತ್ತದೆ, ಗಾಳಿಯಾಡುತ್ತದೆ. ಎದೆಗೆ ಹೊಂದುವಂತೆ ಅಗಲವಾಗಿ ಕತ್ತರಿಸಿದ್ದನ್ನು ಟ್ರಾನ್ಸ್ ಟೇಪ್ ಮುಂತಾದ ಹೆಸರಿನಲ್ಲಿ ಮಾರುತ್ತಾರೆ. ಇದು ಎದೆಗೂಡಿನ ಸುತ್ತ ಹೋಗುವುದೇ ಇಲ್ಲ. ಎದೆಯನ್ನು ಪಕ್ಕಕ್ಕೆ, ಕಂಕುಳ ಕಡೆಗೆ ಎಳೆದು ಚರ್ಮಕ್ಕೆ ಅಂಟಿಸುತ್ತದೆ, ಎಡಕ್ಕೊಂದು, ಬಲಕ್ಕೊಂದು. ಗೂಡಿಗೆ ಒತ್ತಡವಿಲ್ಲ, ಉಸಿರಿಗೆ ಅಡ್ಡಿಯಿಲ್ಲ, ಸ್ನಾನಕ್ಕೂ ತೆಗೆಯಬೇಕಿಲ್ಲ, ಸಾಮಾನ್ಯವಾಗಿ 3ರಿಂದ 5 ದಿನ ಇರುತ್ತದೆ.

ಹಾಗಾದರೆ ಎಲ್ಲರೂ ಟೇಪೇ ಬಳಸಬಹುದಲ್ಲ ಅಂದರೆ, ಇಲ್ಲ. ಪಕ್ಕೆಲುಬು ಉಳಿಯಿತು, ಭಾರವೆಲ್ಲ ಚರ್ಮದ ಮೇಲೆ ಬಿತ್ತು. ಮೊದಲು ಒಂದು ಚೂರನ್ನು ಹೊಟ್ಟೆಯ ಮೇಲೋ ಪಕ್ಕೆಯ ಮೇಲೋ ಅಂಟಿಸಿ ಒಂದು ದಿನ ನೋಡಬೇಕು, ಕೆಂಪಾದರೆ, ತುರಿಸಿದರೆ ಆ ಅಂಟು ನಿಮಗೆ ಆಗುವುದಿಲ್ಲ. ಮೊಲೆತೊಟ್ಟಿನ ಮೇಲೆ ಅಂಟದ ಹತ್ತಿಬಟ್ಟೆಯ ಚೂರು ಇಡಲೇಬೇಕು. ಪಟ್ಟಿಯ ಎರಡೂ ತುದಿಯ ಎರಡು ಬೆರಳಗಲ ಭಾಗವನ್ನು ಎಳೆಯದೆ ಸುಮ್ನೆ ಅಂಟಿಸಬೇಕು, ಬೊಬ್ಬೆ ಏಳುವುದು ಹೆಚ್ಚಾಗಿ ತುದಿಯನ್ನು ಎಳೆದು ಅಂಟಿಸಿದಾಗಲೇ. ಬೆನ್ನಿನವರೆಗೆ ಸುತ್ತಬೇಡಿ, ಸುತ್ತಿದರೆ ಅದು ಮತ್ತೆ ಬ್ಯಾಂಡೇಜೇ. ತೆಗೆಯುವಾಗ ಎಣ್ಣೆ ಚೆನ್ನಾಗಿ ಹಚ್ಚಿ, ನೆನೆಯಲು ಬಿಟ್ಟು, ಕೂದಲು ಬೆಳೆಯುವ ದಿಕ್ಕಿಗೆ ನಿಧಾನವಾಗಿ ಸುಲಿಯಬೇಕು. ಒಣಗಿದ್ದನ್ನು ಸರಕ್ಕನೆ ಕಿತ್ತರೆ ಚರ್ಮ ಕಿತ್ತುಬರುತ್ತದೆ. ಆಮೇಲೆ ಚರ್ಮಕ್ಕೆ ಒಂದೆರಡು ದಿನ ರಜೆ. ಗಾಯ, ದದ್ದು ಇರುವ ಜಾಗಕ್ಕೆ ಟೇಪು ಬೇಡ. ತೀರಾ ದೊಡ್ಡ ಎದೆಗೆ ಟೇಪು ಅಷ್ಟಾಗಿ ಹಿಡಿಯುವುದೂ ಇಲ್ಲ.

ಬರೀ ಬಟ್ಟೆಯಿಂದ ಆಗುವ ಕೆಲಸವನ್ನು ಜನ ಕಡೆಗಣಿಸುತ್ತಾರೆ. ಮೈಗೆ ಅಂಟುವ ತೆಳು ಟೀಶರ್ಟಿಗಿಂತ ಗಟ್ಟಿ ಬಟ್ಟೆಯ ಅಂಗಿ, ಟೀಶರ್ಟ್ ಮೇಲೆ ಗುಂಡಿ ಹಾಕದ ಇನ್ನೊಂದು ಅಂಗಿ, ಗಾಢ ಬಣ್ಣ, ಚೌಕಳಿ, ಎದೆಯ ಮೇಲೆ ಜೇಬು. ಅಡ್ಡಪಟ್ಟೆ ಉಬ್ಬನ್ನು ಎತ್ತಿ ತೋರಿಸುತ್ತದೆ. ಬೆನ್ನು, ಭುಜದ ಸ್ನಾಯು ಬೆಳೆಸುವ ವ್ಯಾಯಾಮದಿಂದ ಮೈಯ ಮೇಲ್ಭಾಗದ ಆಕಾರವೇ ಬದಲಾಗುತ್ತದೆ, ಗೂನೂ ಇಳಿಯುತ್ತದೆ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಶುರುಮಾಡಿದರೆ ಎದೆ ತಾನಾಗಿ ಹೋಗುತ್ತದೆ ಎಂದುಕೊಂಡವರಿಗೆ ಮಾತ್ರ ನಿರಾಸೆ ಕಾದಿದೆ, ಸ್ವಲ್ಪ ಸಣ್ಣಗಾಗಬಹುದೇ ಹೊರತು ಇಲ್ಲವಾಗುವುದಿಲ್ಲ.

ಚರ್ಮ, ಬಟ್ಟೆ, ಒಗೆಯುವುದು

ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತರೆ ಶಿಲೀಂಧ್ರದ ಸೋಂಕು ಬರುತ್ತದೆ: ಕೆಂಪು, ಉರಿ, ತುರಿಕೆ, ವಾಸನೆ. ಬೈಂಡರ್ ಕೆಳಗೆ ತೆಳುವಾದ ಹತ್ತಿ ಬನಿಯನ್ ಹಾಕಿದರೆ ಅರ್ಧ ತೊಂದರೆ ಇಳಿಯುತ್ತದೆ. ತೆಗೆದ ಮೇಲೆ ಆ ಜಾಗ ತೊಳೆದು ಪೂರ್ತಿ ಒಣಗಿಸಿ. ಎರಡು ಬೈಂಡರ್ ಇದ್ದರೆ ಒಂದನ್ನು ಒಗೆದು ಇನ್ನೊಂದನ್ನು ಹಾಕಬಹುದು. ತಣ್ಣೀರಿನಲ್ಲಿ ಕೈಯಿಂದ ಒಗೆದು, ಹಿಂಡದೆ, ನೆರಳಲ್ಲಿ ಒಣಗಿಸಿ. ಬಿಸಿ ಡ್ರೈಯರ್ ಎಲಾಸ್ಟಿಕ್ಕನ್ನು ಸಾಯಿಸುತ್ತದೆ. ಹಳೆಯದು ಸಡಿಲವಾದ ಮೇಲೆ ಬಿಗಿ ಮಾಡಿಸಲು ಹೊಲಿಗೆ ಹಾಕಿಸಬೇಡಿ, ಹೊಲಿಗೆಯ ದಿಂಡು ಪಕ್ಕೆಗೆ ಒತ್ತುತ್ತದೆ. ಅದನ್ನು ಹಗುರ ದಿನಗಳಿಗೆ ಇಟ್ಟುಕೊಳ್ಳಿ.

ಯಾರು ಇನ್ನಷ್ಟು ಹುಷಾರಾಗಿರಬೇಕು

ಉಬ್ಬಸ, ಬೆನ್ನುಮೂಳೆ ಡೊಂಕು, ಕೀಲುಗಳು ಅತಿಯಾಗಿ ಬಾಗುವ ತೊಂದರೆ, ಎದೆಯುರಿ, ಹಿಂದೆ ಪಕ್ಕೆಲುಬಿಗೆ ಪೆಟ್ಟಾದವರು. ಇವರು ವೈದ್ಯರನ್ನು ಕೇಳದೆ ಬಿಗಿ ಬೈಂಡರ್‌ಗೆ ಕೈಹಾಕಬಾರದು. ಹದಿವಯಸ್ಸಿನವರದ್ದು ಬೇರೆ ಲೆಕ್ಕ. ಎದೆಗೂಡೂ ಎದೆಯೂ ಇನ್ನೂ ಬೆಳೆಯುತ್ತಿರುತ್ತವೆ, ಆರು ತಿಂಗಳ ಹಿಂದೆ ಸರಿಯಾಗಿದ್ದ ಬೈಂಡರ್ ಈಗ ಚಿಕ್ಕದಾಗಿರಬಹುದು, ಹಾಗಾಗಿ ಆಗಾಗ ಅಳೆಯಬೇಕು. ಮೊದಲ ಆಯ್ಕೆ ಸ್ಪೋರ್ಟ್ಸ್ ಬ್ರಾ, ಸಡಿಲ ಬಟ್ಟೆ ಆಗಿರಲಿ. ಮನೆಯಲ್ಲಿ ನಂಬಿಕೆಯ ದೊಡ್ಡವರೊಬ್ಬರಿಗೆ ಗೊತ್ತಿದ್ದರೆ ತುಂಬಾ ಒಳ್ಳೆಯದು. ತಂದೆತಾಯಿ ಇದನ್ನು ಓದುತ್ತಿದ್ದರೆ ಒಂದೇ ಮಾತು: ಬೈಂಡರ್ ಕಿತ್ತುಕೊಂಡರೆ ಮಗು ಕ್ರೇಪ್ ಬ್ಯಾಂಡೇಜ್ ಹುಡುಕುತ್ತದೆ.

ಕ್ಯಾನ್ಸರ್ ಭಯ ತುಂಬಾ ಜನಕ್ಕಿದೆ. ಬೈಂಡಿಂಗ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಆದರೆ ಎದೆ ಇರುವವರೆಗೆ ಗಂಟು, ಸ್ರಾವ ಇವುಗಳನ್ನು ಗಮನಿಸುತ್ತಲೇ ಇರಬೇಕು. ಮುಟ್ಟಲು, ನೋಡಲು ಮನಸ್ಸಾಗದೆ ಇದನ್ನು ಮುಂದಕ್ಕೆ ಹಾಕುವವರಿದ್ದಾರೆ.

ಈಗ ಎಚ್ಚರಿಕೆಯ ಗುರುತುಗಳು. ಉಸಿರೆಳೆದಾಗ ಚುಚ್ಚುವ ನೋವು, ಕೈಬೆರಳು ಜೋಮು ಹಿಡಿಯುವುದು, ತಲೆ ಸುತ್ತು, ಚರ್ಮ ಬಿರಿದು ನೀರು ಸೋರುವುದು, ಇವು ಕಂಡರೆ ಆಗಲೇ ತೆಗೆಯಬೇಕು. ತೆಗೆದು ಒಂದೆರಡು ದಿನ ಬಿಟ್ಟರೂ ನೋವು ಇಳಿಯದಿದ್ದರೆ ವೈದ್ಯರ ಬಳಿ ಹೋಗಿ. ತೆಗೆದ ಮೇಲೂ ಉಸಿರು ಕಟ್ಟಿದಂತೆ ಇದ್ದರೆ, ಎದೆನೋವು ತೋಳಿಗೋ ದವಡೆಗೋ ಹಬ್ಬಿದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ವೈದ್ಯರಿಗೆ ಹೇಳಲು ಸಂಕೋಚ ಆಗುತ್ತದೆ, ನಿಜ. ಇಡೀ ಕತೆ ಹೇಳಬೇಕಿಲ್ಲ. "ಎದೆಗೆ ದಿನಾ ಇಷ್ಟು ಗಂಟೆ ಬಿಗಿ ಬನಿಯನ್ ಹಾಕುತ್ತೇನೆ, ಇಲ್ಲಿ ನೋವು" ಎಂದರೆ ಪಕ್ಕೆಲುಬು ನೋಡಲು ಅಷ್ಟು ಸಾಕು. ಹೇಳದೇ ಇದ್ದರೆ ಮಾತ್ರ ಅವರು ಬೇರೆಲ್ಲೋ ಕಾರಣ ಹುಡುಕುತ್ತಾರೆ.

ಎದೆ ಸಪಾಟು ಮಾಡಿಸುವ ಶಸ್ತ್ರಚಿಕಿತ್ಸೆ ಯೋಚಿಸುತ್ತಿರುವವರು ಚರ್ಮದ ಬಗ್ಗೆ ಇನ್ನೂ ಜಾಗ್ರತೆ ಇಡಿ. ವರ್ಷಗಟ್ಟಲೆ ಬಿಗಿಯಾಗಿ ಕಟ್ಟಿದರೆ ಚರ್ಮ ತನ್ನ ಬಿಗಿ ಕಳೆದುಕೊಳ್ಳಬಹುದು. ಸಣ್ಣ ಗಾಯದಲ್ಲಿ ಮುಗಿಯುವ ವಿಧಾನಗಳು ಎದೆ ಚಿಕ್ಕದಾಗಿ ಚರ್ಮ ಬಿಗಿಯಾಗಿ ಇರುವವರಿಗೇ ಹೊಂದುತ್ತವೆ, ಹಾಗಾಗಿ ಇದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಎಷ್ಟು ವರ್ಷದಿಂದ, ಹೇಗೆ ಕಟ್ಟುತ್ತಿದ್ದೀರಿ ಎಂದು ಸರ್ಜನ್‌ಗೆ ಮೊದಲ ಭೇಟಿಯಲ್ಲೇ ಹೇಳಿ, ಶಸ್ತ್ರಚಿಕಿತ್ಸೆಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದೂ ಕೇಳಿಕೊಳ್ಳಿ. ಆಮೇಲೆ ಅವರು ಕೊಡುವ ಒತ್ತು ಬನಿಯನ್ ಊತ ಇಳಿಸುವುದಕ್ಕೆ. ಅದರ ಬದಲು ಮನೆಯಲ್ಲಿದ್ದ ಹಳೇ ಬೈಂಡರ್ ಹಾಕಿಕೊಳ್ಳಬೇಡಿ. ಅದರ ಒತ್ತಡ ಬೀಳುವ ಜಾಗವೇ ಬೇರೆ, ಹೊಲಿಗೆಗಳ ಮೇಲೆ ಬಿದ್ದರೆ ಗಾಯ ಮಾಯುವುದು ತಡವಾಗುತ್ತದೆ.